ಸಮೂಹಧರ್ಮ

ಅನೇಕ ಜನರು ಒಂದೆಡೆ ನೆರೆದ ಮಾತ್ರಕ್ಕೆ ಅದು ಸಂಘವಾಗದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅವರನ್ನು ಒಂದಾಗಿ ಹಿಡಿದಿರುವ ಬಂಧವು ಜನ್ಮವೋ, ವೃತ್ತಿಯೋ, ತಾವೇ ಅಂಗೀಕರಿಸಿದ ಕಟ್ಟಳೆಯೋ ಎಂದು ನಿರ್ಣಯಿಸುವುದು ಸುಲಭವಲ್ಲ. ಸ್ಪೇನಿನವರ ನುಡಿಯಲ್ಲಿ ಕಸುಬುದಾರರ ಕೂಟವು ‘ಗ್ರೆಮಿಯೊ’, ದೇವರ ಹೆಸರಿನಲ್ಲಿ ಕೂಡಿದ ಸೋದರವರ್ಗವು ‘ಕೊಫ್ರಾದಿಯ’, ಹುಟ್ಟಿನಿಂದ ಬಂದ ಕುಲವು ‘ಕಾಸ್ತ’. ಪೋರ್ಚುಗೀಸರಲ್ಲಿಯೂ ಬಳಕೆಯಲ್ಲಿದ್ದ ಈ ಕಡೆಯ ಪದವೇ ನಮ್ಮ ದೇಶಕ್ಕೆ ಬಂದು, ಅನಂತರ ಆಂಗ್ಲರ ಕೈಯಲ್ಲಿ ನಮ್ಮ ಸಮಸ್ತ ಸಮೂಹಗಳ ಮೇಲೂ ಮುದ್ರೆಯೊತ್ತಿತು. ಜನ್ಮವಲ್ಲದೆ ಅನ್ಯಬಂಧವನ್ನು ನಮ್ಮ ಹಿರಿಯರು ಅರಿಯರೆಂಬ ಭ್ರಾಂತಿಗೆ ಇದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ‘ಮಿತಾಕ್ಷರ’ವನ್ನು ರಚಿಸಿದ ವಿಜ್ಞಾನೇಶ್ವರನು, ಶ್ರೇಣಿ, ನೈಗಮ, ಪಾಖಂಡಿ, ಗಣಗಳೆಂಬ ನಾಲ್ಕು ಬಗೆಯ ಸಮೂಹಗಳ ಕಟ್ಟಳೆಗಳನ್ನು ಅರಸನು ಕಾಪಾಡಬೇಕೆಂಬ ಯಾಜ್ಞವಲ್ಕ್ಯವಿಧಿಯನ್ನು ವಿವರಿಸುವಾಗ, ವೇದಪ್ರಾಮಾಣ್ಯವನ್ನೇ ಒಲ್ಲದ ದಿಗಂಬರರನ್ನೂ ಸೌಗತರನ್ನೂ (ಬೌದ್ಧರನ್ನೂ) ಪಾಖಂಡಿಗಳೆಂದು ಗುರುತಿಸುತ್ತಾನೆ. ಇಂದು ಬೈಗುಳವಾಗಿ ಇಳಿದಿರುವ ಆ ಮಾತು ಅಲ್ಲಿ ರಕ್ಷಣೆಗೆ ಅರ್ಹವಾದ ಒಂದು ಸಮೂಹದ ಹೆಸರು! ನಂಬಿಕೆಯನ್ನು ಒಪ್ಪದೆಯೂ ನಂಬಿದವರ ಕಟ್ಟಳೆಯನ್ನು ಕಾಯುವುದು ರಾಜಧರ್ಮವೆಂದಾಯಿತು.

ಈ ರಾಜಧರ್ಮದ ಕುರುಹುಗಳು ಮುಂದಿನ ಕಾಲದಲ್ಲಿಯೂ ಕಾಣುತ್ತವೆ. ಕಡ್ಡಿರಾಂಪುರದಲ್ಲಿ, ಹಂಪೆಯ ದಾರಿಯ ಸಮೀಪದಲ್ಲೇ, ಕಮಾನುಗಳುಳ್ಳ ಎರಡು ಪುರಾತನ ಗೋರಿಕಟ್ಟಡಗಳು ನಿಂತಿವೆ. ವಿರೂಪಾಕ್ಷನ ರಾಜಧಾನಿಯ ನೆರೆಯಲ್ಲಿಯೇ ಮುಸಲ್ಮಾನರು ತಮ್ಮವರನ್ನು ತಮ್ಮ ವಿಧಿಯಂತೆ ಮಣ್ಣಿಗಿತ್ತರು. ಎರಡನೆಯ ದೇವರಾಯನ ಅಧಿಕಾರಿಯಾದ ಅಹಮದ್ ಖಾನನು 1439ರಲ್ಲಿ ಹಂಪೆಯಲ್ಲಿ ಕಟ್ಟಿಸಿದ ಮಸೀದಿಯನ್ನು ನೋಡಿದರೆ, ಕಂಬಗಳ ಮೇಲೆ ನಿಂತ ಸಮತಳದ ಮಾಡಿನಿಂದ ಅದು ದೇವಾಲಯದ ಮಂಟಪವೆಂದೇ ತೋರುತ್ತದೆ. ಪಶ್ಚಿಮದ ಗೋಡೆಯ ಗೂಡೊಂದೇ ಅದರ ಉದ್ದೇಶವನ್ನು ಹೇಳಬೇಕು. ಅಲ್ಲಿಯ ಕನ್ನಡ ಶಾಸನವು ಅದನ್ನು ಧರ್ಮಶಾಲೆಯೆಂದು ಕರೆದಿದೆ.

ಆದರೆ ಸೌಜನ್ಯವು ಪರೀಕ್ಷೆಗೆ ಗುರಿಯಾಗುವುದು ಕಲಹದಲ್ಲಿ. ಆನೆಗೊಂದಿ ಮೊದಲಾದ ನಾಡುಗಳ ಜೈನರು ವೈಷ್ಣವಭಕ್ತರಿಂದ ತಮಗಾದ ಅನ್ಯಾಯವನ್ನು 1368ರಲ್ಲಿ ಬುಕ್ಕರಾಯನಿಗೆ ಬಿನ್ನವಿಸಿದಾಗ, ಅವನು ಉಭಯದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯೊಳಗೆ ಇಟ್ಟನೆಂದು ಶ್ರವಣಬೆಳಗೊಳದ ಶಾಸನವು ತಿಳಿಸುತ್ತದೆ. ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದಾಯಿತು. ಕೈಹಿಡಿಸಿದ ಸನ್ನಿವೇಶವನ್ನೇ ನಾವು ಹೆಚ್ಚಾಗಿ ಸ್ಮರಿಸುತ್ತೇವೆ. ನನಗಾದರೋ ಅದರ ಮುಂದಿನ ಏರ್ಪಾಡು ಅಧಿಕ ಪೂಜ್ಯವೆನಿಸುತ್ತದೆ. ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ಅದನ್ನು ಸಂಗ್ರಹಿಸುವ ಹೊಣೆ ವೈಷ್ಣವನಾದ ತಿರುಮಲೆಯ ತಾತಯ್ಯನದು. ಅವನು ಅದರಿಂದ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.