ಪುರುಸೊತ್ತಿನ ಓಟ

ನಮ್ಮ ಹನಗೋಡಿನಲ್ಲಿ ಹೆಂಗಸು ಓಡಿದಳೆಂದರೆ ಅದಕ್ಕೆ ಮೂರೇ ಕಾರಣ. ಮಗು ಕಾಲುವೆಯ ಕಡೆ ಹೋಗಿರಬೇಕು, ದನ ಯಾರದೋ ರಾಗಿ ಹೊಲಕ್ಕೆ ನುಗ್ಗಿರಬೇಕು, ಇಲ್ಲವೇ ಹುಣಸೂರಿನ ಬಸ್ಸು ಹೊರಟಿರಬೇಕು. ಈ ಮೂರೂ ಇಲ್ಲದೆ ಓಡಿದರೆ ಎದುರಿಗೆ ಬಂದವರು ನಿಂತು, "ಏನಾಯ್ತವ್ವಾ? ಯಾರಿಗೇನಾಯ್ತು?" ಎಂದು ಗಾಬರಿಯಿಂದ ಕೇಳುತ್ತಿದ್ದರು. ನಾನು ಸ್ಕೂಲಿನಿಂದ ಓಡಿ ಬಂದ ದಿನ ಅಜ್ಜಿ, "ಹೆಣ್ಮಗಳು ನೆಲ ಅದುರೋ ಹಾಗೆ ಓಡಬಾರ್ದು ಕಣೆ" ಎಂದು ಗದರುತ್ತಿದ್ದಳು. ಹಾಗೆ ಗದರುತ್ತಿದ್ದ ಅಜ್ಜಿಯೇ ದಿನಕ್ಕೆ ಎರಡು ಸಲ ಲಕ್ಷ್ಮಣತೀರ್ಥ ಹೊಳೆಯಿಂದ ನೀರು ಹೊತ್ತು ದಿಬ್ಬ ಹತ್ತುತ್ತಿದ್ದಳು. ಅದು ಯಾರ ಕಣ್ಣಿಗೂ ವ್ಯಾಯಾಮವೆಂದು ಕಾಣಿಸಿರಲಿಲ್ಲ, ಅವಳ ಕಣ್ಣಿಗೂ ಕೂಡ.

ಇಂಥ ಊರಿನಲ್ಲಿ ಹುಟ್ಟಿದ ನಾನು ನಲವತ್ತೆರಡನೆಯ ವಯಸ್ಸಿನಲ್ಲಿ ಕಾರಣವಿಲ್ಲದೆ ಓಡಲು ಕಲಿತೆ. ಕಲಿತದ್ದು ಊರಿನಲ್ಲಲ್ಲ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. 1991ರಲ್ಲಿ ಮದುವೆಯಾಗಿ, ಯಜಮಾನರ ಕೆಲಸದ ದೆಸೆಯಿಂದ ಕೆ.ಜಿ.ಎಫ್. ಸೇರಿದೆ. ಮಕ್ಕಳು ಹೈಸ್ಕೂಲಿಗೆ ಬರುವ ಹೊತ್ತಿಗೆ ನನಗೆ ಸಕ್ಕರೆ ಕಾಯಿಲೆಯ ಸೂಚನೆ ಕಾಣಿಸಿತು. ಡಾಕ್ಟರು, "ದಿನಾ ಒಂದು ಗಂಟೆ ಬಿರುಸಾಗಿ ನಡೀರಿ" ಎಂದರು. ನಡಿಗೆ ಆರು ತಿಂಗಳಲ್ಲಿ ತನ್ನಷ್ಟಕ್ಕೆ ಓಟವಾಯಿತು. ಚೂಡಿದಾರದ ಮೇಲೆ ಸ್ವೆಟರು, ಕಾಲಿಗೆ ಮಗನ ಹಳೆಯ ಕ್ಯಾನ್ವಾಸ್ ಬೂಟು. ನೋಡಿದವರು ನಕ್ಕರೆ ನಗಲಿ ಎನ್ನುವ ಧೈರ್ಯ ಆ ವಯಸ್ಸಿಗೆ ಹೇಗೋ ಬಂದಿತ್ತು.

ಆ ಊರು ಓಡುವವರಿಗೆಂದೇ ಮಾಡಿಸಿದಂತಿದೆ. ನೆಲವೆಲ್ಲ ಏರು, ತಗ್ಗು, ಬಂಡೆ, ಕುರುಚಲು ಕಾಡು. ನಾನು ಹೋಗುತ್ತಿದ್ದ ದಾರಿ ಕೂಲಿಯವರ ಹಳೆಯ ಲೈನು ಮನೆಗಳನ್ನು ದಾಟಿ, ಗಣಿಯ ಬಾಯಿಯ ಮೇಲೆ ನಿಂತ ಕಬ್ಬಿಣದ ಗೋಪುರದ ಪಕ್ಕದಲ್ಲಿ ಸಾಗಿ, ಸೈನೈಡ್ ಗುಡ್ಡದ ಬುಡ ಬಳಸಿ, ಮಾರಿಕುಪ್ಪಂ ರೈಲು ನಿಲ್ದಾಣದ ಕಡೆ ಇಳಿಯುತ್ತಿತ್ತು. ಗೋಪುರದ ತುದಿಯ ಚಕ್ರ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಿಂತದ್ದು ಮತ್ತೆ ತಿರುಗಿರಲಿಲ್ಲ. ಬೆಳಗಿನ ಮೊದಲ ಬಿಸಿಲು ಸೈನೈಡ್ ಗುಡ್ಡದ ಮೇಲೆ ಬಿದ್ದಾಗ ಅದು ಹುರಿದ ಕಡಲೆಹಿಟ್ಟಿನ ಬಣ್ಣಕ್ಕೆ ತಿರುಗುತ್ತಿತ್ತು. ಮಳೆನೀರು ಕೊರೆದ ಗೀರುಗಳಲ್ಲಿ ನೆರಳು ನಿಲ್ಲುತ್ತಿತ್ತು. ನಾನು ಓಡುತ್ತಲೇ, ಎಷ್ಟು ಚೆನ್ನಾಗಿದೆಯಲ್ಲ ಎಂದುಕೊಳ್ಳುತ್ತಿದ್ದೆ.

ಒಂದು ದಿನ ಆ ಗುಡ್ಡದ ತಿರುವಿನಲ್ಲಿ ನನಗಿಂತ ಮುಂದೆ ಒಬ್ಬ ಹೆಂಗಸು ಚೀಲ ಹಿಡಿದು ಬೇಗಬೇಗ ನಡೆಯುತ್ತಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ತಿರುಗಿ ನೋಡಿ, ಪಕ್ಕಕ್ಕೆ ಸರಿದು, "ಓಡಿ ಅಕ್ಕಾ, ಓಡಿ! ಗಾಡಿ ಇನ್ನೂ ಹೊರಟಿಲ್ಲ!" ಎಂದಳು. ನಾನು ಬೆಂಗಳೂರಿನ ರೈಲು ಹಿಡಿಯಲು ಓಡುತ್ತಿದ್ದೇನೆಂದು ಅವಳು ತಿಳಿದಿದ್ದಳು. ಗಣಿ ಮುಚ್ಚಿದ ಮೇಲೆ ಆ ಊರಿನ ಸಾವಿರಾರು ಜನಕ್ಕೆ ಆ ರೈಲೇ ಅನ್ನ. ಕತ್ತಲಿರುವಾಗಲೇ ಹತ್ತಿ, ಬೆಂಗಳೂರಿನಲ್ಲಿ ದುಡಿದು, ಕತ್ತಲಾದ ಮೇಲೆ ಇಳಿಯುವವರು ಅವರು.

ನಾನು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಇನ್ನಷ್ಟು ಬಿರುಸಾಗಿ ಓಡಿ ನಿಲ್ದಾಣದವರೆಗೂ ಹೋದೆ! ಅವಳು ಓಡೋಡಿ ಬಂದು ರೈಲು ಹತ್ತಿ, ಕಿಟಕಿಯಿಂದ ನನ್ನನ್ನು ನೋಡಿ, "ಹತ್ತಿ, ಹತ್ತಿ" ಎಂದು ಕೈ ಮಾಡಿದಳು. ರೈಲು ಹೋಯಿತು. ನಾನು ಬೂಟಿನ ದಾರ ಕಟ್ಟಿಕೊಳ್ಳುವವಳ ಹಾಗೆ ಬಗ್ಗಿದೆ.

ಮೂರು ದಿನ ಬೇರೆ ದಾರಿ ಹಿಡಿದೆ. ನಾಲ್ಕನೆಯ ದಿನ, ಇದೇನು ಕಳ್ಳತನವೇ ಎಂದು ನನಗೆ ನಾನೇ ಹೇಳಿಕೊಂಡು ಅದೇ ದಾರಿಯಲ್ಲಿ ಬಂದೆ. ಅವಳು ಸಿಕ್ಕಳು. ಜೊತೆಗೆ ನಡೆಯುತ್ತ, "ನಾನು ರೈಲಿಗೆ ಓಡ್ತಿರಲಿಲ್ಲ ಕಣಮ್ಮಾ, ಸುಮ್ಮನೆ ಓಡ್ತೀನಿ. ಆರೋಗ್ಯಕ್ಕೆ" ಎಂದೆ. ಅವಳಿಗೆ ಕೋಪ ಬರಲಿಲ್ಲ. ನಕ್ಕಳು. "ಸುಮ್ಮನೆ ಓಡೋದಾ?" ಎಂದು ಎರಡು ಸಲ ಕೇಳಿದಳು. ಆಮೇಲೆ, "ಪುಣ್ಯ ಮಾಡಿದ್ದೀರ ಅಕ್ಕಾ, ಪುರುಸೊತ್ತು ಐತೆ" ಎಂದಳು. ಅದರಲ್ಲಿ ಚುಚ್ಚುಮಾತು ಇರಲಿಲ್ಲ. ನಿಮ್ಮ ಸೀರೆ ಚೆನ್ನಾಗಿದೆ ಎನ್ನುವ ಹಾಗೆ ಹೇಳಿದಳು.

ಆಮೇಲೆ ಆಗಾಗ ಐದು ನಿಮಿಷದ ಜೊತೆ ನಮ್ಮದು. ಅವಳ ಅಪ್ಪ ಗಣಿಗೆ ಇಳಿಯುತ್ತಿದ್ದವರು. ಕೊನೆಯ ವರ್ಷಗಳಲ್ಲಿ ಬಾಗಿಲಿನಿಂದ ನಲ್ಲಿಯವರೆಗೆ ಹೋಗಲು ಮೂರು ಕಡೆ ನಿಲ್ಲುತ್ತಿದ್ದರಂತೆ. ಕಲ್ಲನ್ನು ಕೊರೆದಾಗ ಏಳುವ ಸಣ್ಣ ಧೂಳು ಶ್ವಾಸಕೋಶದೊಳಗೆ ಕೂತು, ಅದನ್ನು ಗಟ್ಟಿ ಮಾಡಿ, ಉಸಿರನ್ನು ಕಸಿದುಕೊಳ್ಳುತ್ತದೆ. ಸಿಲಿಕೋಸಿಸ್ ಎನ್ನುವ ಆ ಕಾಯಿಲೆಗೆ ವಾಸಿ ಎನ್ನುವುದಿಲ್ಲ.

ಅಂದು ನಾನು ಮನೆಗೆ ಓಡಿ ಬರಲಿಲ್ಲ, ನಡೆದು ಬಂದೆ. ನಾನು ಚೆಂದ ಎಂದುಕೊಂಡಿದ್ದ ಗುಡ್ಡ ದೇವರು ಮಾಡಿದ್ದಲ್ಲ. 1880ರಿಂದ ನೂರಿಪ್ಪತ್ತು ವರ್ಷ ಮನುಷ್ಯರು ಪಾತಾಳಕ್ಕಿಳಿದು ಮೇಲೆ ತಂದ ಕಲ್ಲು ಅದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಹೆಚ್ಚು ಆಳ. ಅಷ್ಟು ಕೆಳಗೆ ಬಂಡೆಯೇ ಮುಟ್ಟಲಾಗದಷ್ಟು ಬಿಸಿ. ತಂದ ಕಲ್ಲನ್ನು ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದು, ಉಳಿದ ಮೂರು ಕೋಟಿ ಟನ್ನಿನಷ್ಟು ರಾಡಿಯನ್ನು ಸುರಿದರೆ ಇಂಥ ಗುಡ್ಡಗಳಾದವು. ಎಂಟುನೂರು ಟನ್ನಿನಷ್ಟು ಚಿನ್ನ ಹೊರಗೆ ಹೋಯಿತು. ಗುಡ್ಡ ಇಲ್ಲಿ ಉಳಿಯಿತು, ಉಸಿರು ಹೋದವರೂ ಇಲ್ಲೇ ಉಳಿದರು. ಅದರ ಬುಡದಲ್ಲಿ ನಾನು, ಎದೆ ತುಂಬ ಉಸಿರೆಳೆದುಕೊಳ್ಳುವುದೇ ಸುಖವೆಂದು ಓಡುತ್ತಿದ್ದೆ.

ಇದು ಸರಿಯೇ? ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಜಮಾನರಿಗೆ ಹೇಳಿದೆ. "ಬತ್ತ ಬೆಳೆದವನ ಬೆನ್ನು ನೋವು ನೆನೆದುಕೊಂಡು ಊಟ ಬಿಡ್ತೀಯಾ? ಹಾಗೆ ನೋಡಿದರೆ ಯಾವ ರಸ್ತೆಯಲ್ಲೂ ಕಾಲಿಡೋ ಹಾಗಿಲ್ಲ" ಎಂದರು. ಮಾತು ಸರಿಯಾಗೇ ಇತ್ತು. ಆದರೆ ಸರಿಯಾದ ಮಾತೆಲ್ಲ ಸಮಾಧಾನ ಕೊಡುವುದಿಲ್ಲ. ಹದಿನೈದು ದಿನ ಓಟ ನಿಲ್ಲಿಸಿದೆ. ನನ್ನ ರಕ್ತದ ಸಕ್ಕರೆ ಏರಿತು, ಯಾರ ಉಸಿರೂ ಹಿಂದಿರುಗಲಿಲ್ಲ. ಬಿಡುವುದರಿಂದ ತೀರುವ ಸಾಲವಲ್ಲ ಇದು ಎಂದು ಅಷ್ಟು ತಿಳಿಯಿತು.

ಆಮೇಲೆ ಇನ್ನೊಂದು ಸಮಾಧಾನ ಹುಡುಕಿದೆ. ನಾನು ಈ ಊರಿನವಳೇ ಅಲ್ಲ. ಗಣಿ ತೋಡಿಸಿದ್ದು ನಮ್ಮವರಲ್ಲ, ಚಿನ್ನ ತಿಂದವರು ನಾವಲ್ಲ. ನಮ್ಮದು ಎಲ್ಲೋ ದೂರದ ಹನಗೋಡು, ಹೊಳೆ, ಕಾಡಂಚು. ಆ ವರ್ಷ ದಸರೆ ರಜೆಗೆ ಊರಿಗೆ ಹೋದಾಗ ಅಣೆಕಟ್ಟೆಯ ಮೇಲೆ ನೀರು ಉಕ್ಕಿ ಹರಿಯುವುದನ್ನು ನೋಡುತ್ತ ನಿಂತವಳಿಗೆ ಸ್ಕೂಲಿನಲ್ಲಿ ಓದಿದ್ದು ನೆನಪಾಯಿತು. 1902ರಲ್ಲಿ ಶಿವನಸಮುದ್ರದಲ್ಲಿ ಮಾಡಿದ ಕರೆಂಟು ಮೊಟ್ಟಮೊದಲು ಹೋದದ್ದು ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ, ಕೋಲಾರದ ಗಣಿಗೆ. ಆಮೇಲೆ ಕನ್ನಂಬಾಡಿ ಕಟ್ಟೆ ಕಟ್ಟಿದ್ದಕ್ಕೂ ಗಣಿಗೆ ವರ್ಷವಿಡೀ ಕರೆಂಟು ಕೊಡಬೇಕೆನ್ನುವುದು ಒಂದು ಕಾರಣ. ನಮ್ಮ ಲಕ್ಷ್ಮಣತೀರ್ಥ ಹೋಗಿ ಸೇರುವುದು ಕಾವೇರಿಯನ್ನೇ. ಅಜ್ಜಿ ಕೊಡ ಮುಳುಗಿಸಿದ ಹೊಳೆಯ ನೀರೂ ಆ ಯಂತ್ರಗಳನ್ನು ತಿರುಗಿಸಿತ್ತು. ನಾನು ಹೊರಗಿನವಳು ಎಂದು ಕೈ ತೊಳೆದುಕೊಳ್ಳಲು ಹೋದರೆ, ತೊಳೆಯುವ ನೀರೇ ಅಲ್ಲಿಯದು!

ಮರುದಿನ ಬೆಳಕು ಹರಿದ ಮೇಲೆ ಕಾಲುವೆ ಏರಿಯ ಮೇಲೆ ಓಡಿದೆ. ವೀರನಹೊಸಹಳ್ಳಿಯ ಕಡೆ ಹೋಗಬೇಡ, ಆನೆ ಓಡಾಡುತ್ತವೆ ಎಂದು ಅಮ್ಮ ಮೊದಲೇ ಎಚ್ಚರಿಸಿದ್ದಳು. ರಸ್ತೆಗೆ ಬಂದಾಗ ಹಾಡಿಯ ಜೇನುಕುರುಬ ಹೆಂಗಸರು ಬುತ್ತಿ ಕಟ್ಟಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಹೋಗುವ ಜೀಪಿಗೆ ಕಾಯುತ್ತಿದ್ದರು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಅವರಲ್ಲಿ ಎಷ್ಟೋ ಜನ ಕಾಡಿನೊಳಗಿನ ದಾರಿ ಬಿಟ್ಟು ಈ ಡಾಂಬರು ದಾರಿಗೆ ಬಂದವರು. ಒಬ್ಬಾಕೆ, "ಯಾಕವ್ವಾ ಓಡ್ತೀಯ?" ಎಂದಳು. ಕಾಡಿನ ದಾರಿಯನ್ನು ಕಾಲಲ್ಲೇ ಓದಬಲ್ಲವಳಿಗೆ ಸಕ್ಕರೆ ಕಾಯಿಲೆಯ ಕಥೆ ಹೇಳಲು ನಾಚಿಕೆಯಾಯಿತು. ಆದರೂ ಈ ಸಲ ನಿಜ ಹೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಗ ನನಗೆ ಹೊಳೆದದ್ದು ಇಷ್ಟು. ತಪ್ಪು ಓಟದಲ್ಲಿಲ್ಲ, ದಾರಿಯಲ್ಲೂ ಇಲ್ಲ. ಆ ಹೆಂಗಸು ಸರಿಯಾಗೇ ಹೇಳಿದ್ದಳು, ವ್ಯತ್ಯಾಸ ಇರುವುದು ಪುರುಸೊತ್ತಿನಲ್ಲಿ. ಒಂದೇ ದಾರಿ, ಒಂದೇ ಹೊತ್ತು. ಒಬ್ಬಳಿಗೆ ಅದು ತನ್ನದು, ಇನ್ನೊಬ್ಬಳಿಗೆ ಯಜಮಾನಿಯದು. ಹಾಗಾದರೆ ನನ್ನ ಪುರುಸೊತ್ತು ಎಲ್ಲಿಂದ ಬಂತು? ನಾನು ಆರು ಗಂಟೆಗೆ ಗುಡ್ಡ ಸುತ್ತುವಾಗ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಯಾರು? ನಮ್ಮ ಕೆಲಸದವಳು ಎರಡು ಮೈಲಿ ನಡೆದು ಬರುತ್ತಿದ್ದಳು, ಭಾನುವಾರವೂ. ಗಣಿಯ ಧಣಿಗಳ ಲೆಕ್ಕ ಕೇಳಲು ಹೊರಟಿದ್ದ ನಾನು ಎಂಟು ವರ್ಷ ಅವಳಿಗೆ ವಾರದ ಒಂದು ರಜೆ ಕೊಟ್ಟಿರಲಿಲ್ಲ. ಅವಳು ಕೇಳಿರಲಿಲ್ಲ, ನನಗೆ ತೋಚಿರಲಿಲ್ಲ.

ರಜೆ ಮುಗಿಸಿ ಹೋದ ಮೇಲೆ ಅವಳಿಗೆ ಸಂಬಳ ಹಿಡಿಯದೆ ಭಾನುವಾರ ಬಿಡುವು ಮಾಡಿದೆ. ಅವಳು ಮೊದಲು ಹೆದರಿದಳು, "ಬೇರೆಯವರನ್ನ ಇಟ್ಕೊಂಡ್ರಾ ಅಮ್ಮಾ?" ಎಂದಳು. ಆ ಪ್ರಶ್ನೆ ನನಗೆ ಸರಿಯಾಗಿ ತಾಗಿತು. ಭಾನುವಾರ ನಾನು ಓಡುವುದನ್ನು ಬಿಟ್ಟು ಪಾತ್ರೆ ತೊಳೆದೆ. ಇದನ್ನು ದೊಡ್ಡ ತ್ಯಾಗವೆಂದು ಬರೆಯುತ್ತಿಲ್ಲ. ಏಳರಲ್ಲಿ ಒಂದು ದಿನ, ಅಷ್ಟೇ. ಉಳಿದ ಆರು ದಿನದ ಲೆಕ್ಕ ಹಾಗೇ ಇದೆ.

ಈಗ ಯಜಮಾನರು ನಿವೃತ್ತರಾಗಿ ನಾವು ಹನಗೋಡಿಗೆ ಬಂದಿದ್ದೇವೆ. ಮಂಡಿ ನೋವಿನಿಂದ ಓಟ ಮತ್ತೆ ನಡಿಗೆಯಾಗಿದೆ. ಕಾಲುವೆ ಏರಿ ಕಿರಿದು, ಒಬ್ಬರು ಸರಿಯದೆ ಇನ್ನೊಬ್ಬರು ದಾಟಲಾಗದು. ಸೌದೆ ಹೊತ್ತವರು ಎದುರಾದರೆ ಹಳೆಯ ಅಭ್ಯಾಸದಂತೆ ಅವರೇ ಪಕ್ಕಕ್ಕೆ ಸರಿಯಲು ನೋಡುತ್ತಾರೆ. ನಾನು ಬೇಗ ಹುಲ್ಲಿಗೆ ಇಳಿದು ನಿಲ್ಲುತ್ತೇನೆ. ಕೆಲವು ಸಲ ಇಬ್ಬರೂ ಇಳಿದುಬಿಡುತ್ತೇವೆ. ಆಗ ದಾರಿ ಖಾಲಿ ಇರುತ್ತದೆ, ನಾವು ಎರಡು ಬದಿಗೆ ನಿಂತು, ಮೊದಲು ನೀವು, ಮೊದಲು ನೀವು ಎನ್ನುತ್ತಿರುತ್ತೇವೆ.