ಸೇವೆಯ ಲೆಕ್ಕ ಯಾರ ಪುಸ್ತಕದಲ್ಲಿ?

ವೈದ್ಯರಾಗಬೇಕೆಂದಿರುವ ಅಮೆರಿಕದ ವಿದ್ಯಾರ್ಥಿಗಳು ರಜೆಯಲ್ಲಿ ಒಂದೆರಡು ವಾರ ಹೊಂಡುರಾಸ್, ಗ್ವಾಟೆಮಾಲಾ, ಹೈಟಿಯಂತಹ ಬಡ ದೇಶಗಳಿಗೆ ಹೋಗಿ ಆರೋಗ್ಯ ಶಿಬಿರಗಳಲ್ಲಿ ದುಡಿದು ಬರುವುದು ಬಹಳ ಕಾಲದಿಂದ ನಡೆದು ಬಂದಿದೆ. ಪ್ರಯಾಣದ ಖರ್ಚನ್ನು ತಾವೇ ಭರಿಸುತ್ತಾರೆ, ಇಲ್ಲವೇ ಚಂದಾ ಎತ್ತುತ್ತಾರೆ. ಹಳ್ಳಿಯ ಶಾಲೆಯಲ್ಲಿ ಮೇಜು ಹಾಕಿ ರಕ್ತದೊತ್ತಡ ನೋಡುತ್ತಾರೆ, ಹುಳದ ಮಾತ್ರೆ ಹಂಚುತ್ತಾರೆ. ಈ ಪ್ರವಾಸ ತಮ್ಮ ಬದುಕನ್ನೇ ಬದಲಿಸಿತು ಎಂದು ಮರಳಿದವರಲ್ಲಿ ಅನೇಕರು ಹೇಳುತ್ತಾರೆ. ಆ ಮಾತಿನಲ್ಲಿ ಕಪಟವಿಲ್ಲ. ಆದರೆ ಬದಲಾಗಬೇಕಾಗಿದ್ದುದು ಯಾರ ಬದುಕು?

ಪ್ರಶ್ನೆ ಹೊಸದಲ್ಲ. 1968ರ ಏಪ್ರಿಲ್‌ನಲ್ಲಿ, ಸೇವೆಗೆಂದು ಮೆಕ್ಸಿಕೋಗೆ ಹೊರಡಲಿದ್ದ ಅಮೆರಿಕನ್ ವಿದ್ಯಾರ್ಥಿಗಳಿಗೆ ಚಿಂತಕ ಇವಾನ್ ಇಲಿಚ್ ಕಟುವಾಗಿಯೇ ಹೇಳಿದರು: ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧರಿಸಲು ಮಾತ್ರ ಬರಬೇಡಿ. ಜನರ ಭಾಷೆಯೇ ತಿಳಿಯದವನಿಗೆ ತಾನು ಮಾಡಿದ ಹಾನಿಯೂ ತಿಳಿಯುವುದಿಲ್ಲ ಎಂಬುದು ಅವರ ವಾದದ ತಿರುಳಾಗಿತ್ತು.

ಮಾತ್ರೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ರಕ್ತದೊತ್ತಡವಿರುವವರಲ್ಲಿ ಹೆಚ್ಚಿನವರಿಗೆ ಔಷಧಿ ಜೀವನಪರ್ಯಂತ ಬೇಕು. ಶಿಬಿರದಲ್ಲಿ ಮೂವತ್ತು ಮಾತ್ರೆ ಸಿಕ್ಕರೆ ಮೂವತ್ತೊಂದನೆಯ ದಿನದ ಗತಿಯೇನು? ಹುಳದ ಮಾತ್ರೆ ಹೊಟ್ಟೆಯ ಹುಳವನ್ನು ಕೊಲ್ಲುತ್ತದೆ. ಶೌಚಾಲಯ, ಶುದ್ಧ ನೀರು ಇಲ್ಲದ ಊರಿನಲ್ಲಿ ಕೆಲವೇ ತಿಂಗಳಲ್ಲಿ ಹುಳ ಮತ್ತೆ ಬರುತ್ತದೆ. ಹಾಗೆಂದು ಇದೆಲ್ಲ ವ್ಯರ್ಥವೆನ್ನುವಂತಿಲ್ಲ. ಒಂದು ರಾತ್ರಿಯ ಹಲ್ಲುನೋವು ನಿಂತರೂ ಅದು ನಿಜವಾದ ಉಪಕಾರವೇ. ಆದರೆ ಆ ಉಪಕಾರದ ಲೆಕ್ಕವನ್ನು ನೋವುಂಡವನ ಪುಸ್ತಕದಲ್ಲಿ ಬರೆಯಬೇಕೇ ಹೊರತು ನಮ್ಮ ಪುಸ್ತಕದಲ್ಲಲ್ಲ.

ಇದಕ್ಕಿಂತಲೂ ಗಂಭೀರವಾದ ವಿಷಯ ಇನ್ನೊಂದಿದೆ. ತನ್ನ ದೇಶದಲ್ಲಿ ರೋಗಿಗೆ ಸೂಜಿ ಚುಚ್ಚಲು ಅನುಮತಿಯಿಲ್ಲದ ವಿದ್ಯಾರ್ಥಿ ಪರದೇಶದ ಬಡವನಿಗೆ ಚುಚ್ಚಬಹುದೇ? ತರಬೇತಿಗೆ ಮೀರಿದ ಚಿಕಿತ್ಸೆಗೆ ಕೈಹಾಕಬಾರದೆಂದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು 2011ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. "ಏನೂ ಇಲ್ಲದವರಿಗೆ ಇಷ್ಟಾದರೂ ಸಿಕ್ಕಿತಲ್ಲ" ಎಂಬ ಸಮಾಧಾನ ಮೇಲ್ನೋಟಕ್ಕೆ ಕರುಣೆಯಂತೆ ಕಾಣುತ್ತದೆ. ಆದರೆ ಬಡವನ ದೇಹಕ್ಕೆ ಕಡಿಮೆ ಎಚ್ಚರ ಸಾಕು ಎಂಬ ತೀರ್ಪು ಅದರೊಳಗೆ ಅಡಗಿದೆ. ಬೇರೆ ದಾರಿಯಿಲ್ಲದೆ ತಲೆಯಾಡಿಸಿದವನ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎನ್ನಲಾಗದು.

ಹಾಗಾದರೆ ಹೋಗಲೇಬಾರದೇ? ಪಾಲ್ ಫಾರ್ಮರ್ 1983ರಲ್ಲಿ ಹೈಟಿಗೆ ಹೋದಾಗ ಇನ್ನೂ ವೈದ್ಯರಾಗಿರಲಿಲ್ಲ. ಆದರೆ ಅವರು ಅಲ್ಲಿನ ಭಾಷೆ ಕಲಿತರು, ಹಾರ್ವರ್ಡ್‌ನಲ್ಲಿ ಓದುತ್ತಲೇ ಮತ್ತೆ ಮತ್ತೆ ಅಲ್ಲಿಗೇ ಮರಳಿದರು. 1987ರಲ್ಲಿ ಸಂಗಡಿಗರೊಂದಿಗೆ ಸ್ಥಾಪಿಸಿದ ಸಂಸ್ಥೆಯ ಮೂಲಕ ಹಳ್ಳಿಗರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತರಬೇತುಗೊಳಿಸಿ, ಸಂಬಳ ಕೊಟ್ಟು, ಕ್ಷಯರೋಗಿಗಳ ಮನೆಗೆ ಔಷಧಿ ತಲುಪುವಂತೆ ಮಾಡಿದರು. 2022ರಲ್ಲಿ ತೀರಿಕೊಂಡಾಗಲೂ ಅವರು ರುವಾಂಡಾದಲ್ಲಿ ಕೆಲಸದಲ್ಲಿದ್ದರು. 1998ರ ಚಂಡಮಾರುತಗಳು ಹೊಂಡುರಾಸ್ ಮತ್ತು ನೆರೆಯ ದೇಶಗಳನ್ನು ಧ್ವಂಸ ಮಾಡಿದಾಗ ಕ್ಯೂಬಾ ವೈದ್ಯರನ್ನು ಕಳುಹಿಸಿತು. ಅಷ್ಟಕ್ಕೇ ನಿಲ್ಲದೆ 1999ರಲ್ಲಿ ವೈದ್ಯಕೀಯ ಶಾಲೆ ತೆರೆದು, ಅಲ್ಲಿನ ಬಡ ಮಕ್ಕಳನ್ನೇ ಉಚಿತವಾಗಿ ವೈದ್ಯರನ್ನಾಗಿಸತೊಡಗಿತು.

ಈ ಎರಡು ದಾರಿಗಳೂ ಒಂದೇ ಪಾಠ ಹೇಳುತ್ತವೆ: ನಾವು ಹೊರಟುಬಂದ ಮೇಲೂ ಅಲ್ಲಿ ಉಳಿಯುವುದೇ ಸೇವೆ. ಆದ್ದರಿಂದ ವಿಮಾನ ಹತ್ತುವ ವಿದ್ಯಾರ್ಥಿ ಮೊದಲು ಕೇಳಿಕೊಳ್ಳಬೇಕು: ನನ್ನನ್ನು ಕರೆದವರು ಯಾರು? ನಾನು ಕೊಟ್ಟ ಔಷಧಿಯಿಂದ ತೊಂದರೆಯಾದರೆ ಮುಂದಿನ ವಾರ ಉತ್ತರಿಸುವವರು ಯಾರು? ಉತ್ತರವಿಲ್ಲದಿದ್ದರೆ ಕಲಿಯಲು ಹೋಗಲಿ. ಕಲಿಯುವುದರಲ್ಲಿ ಅವಮಾನವೇನಿಲ್ಲ. ಅದಕ್ಕೆ ಸೇವೆಯೆಂಬ ಹೆಸರು ಕೊಡದಿದ್ದರೆ ಸಾಕು.