ನೆಲವೂ ನೆಲೆಯೂ

ಮರವು ಬೇರೂರಿದೆಡೆಯಲ್ಲಿ ನಿಲ್ಲುತ್ತದೆ, ಮನುಷ್ಯನು ನಡೆಯುತ್ತಾನೆ. ಆದರೂ ಮನುಷ್ಯನಿಗೂ ಬೇರುಂಟು. ಹುಟ್ಟಿದ ನೆಲದ ಗಾಳಿ, ನೀರು, ಧಾನ್ಯ, ನುಡಿ ಇವೆಲ್ಲವೂ ಅವನ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಇಳಿದಿರುತ್ತವೆ. ಅಂಥವನು ಶೀತದೇಶದ ಹಳ್ಳಿಯನ್ನು ಬಿಟ್ಟು ದಕ್ಷಿಣದ ಉಷ್ಣಪ್ರದೇಶಕ್ಕೆ ಬಂದು ನೆಲಸಬೇಕಾದರೆ, ಹಿಂದಿನ ಬಾಳಿನಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು? ಬಿಟ್ಟುದು ದ್ರೋಹವಾಗುವುದು ಎಲ್ಲಿ? ಬಿಡದೆ ಹಿಡಿದುದು ಬರಿಯ ಹಟವಾಗುವುದು ಎಲ್ಲಿ? ಹೊಟ್ಟೆಪಾಡಿಗಾಗಿ ಊರು ತೊರೆದ ಪ್ರತಿಯೊಬ್ಬನ ಮುಂದೆಯೂ ಈ ಪ್ರಶ್ನೆ ನಿಲ್ಲುವುದುಂಟು. ಆದರೆ ಇದನ್ನು ಸಮಗ್ರವಾಗಿ, ಮೈಮೇಲೆಯೇ ಅನುಭವಿಸಿದ ಒಂದು ಜನಾಂಗವು ಕನ್ನಡನಾಡಿನ ನಡುವೆಯೇ ಬಾಳುತ್ತಿದೆ. ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ, ಉತ್ತರಕನ್ನಡದ ಮುಂಡಗೋಡಿನಲ್ಲಿ, ಹುಣಸೂರು ಕೊಳ್ಳೇಗಾಲಗಳ ಕಡೆಯಲ್ಲಿ ನೆಲಸಿರುವ ಟಿಬೆಟ್ಟಿನವರೇ ಆ ಜನ.

ಟಿಬೆಟ್ಟು ಹಿಮಾಲಯದ ಆಚೆಯ ಎತ್ತರದ ಪ್ರಸ್ಥಭೂಮಿ. ಅಲ್ಲಿಯ ಲ್ಹಾಸಾ ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 3,650 ಮೀಟರು ಎತ್ತರದಲ್ಲಿದೆ. ಗಾಳಿ ತಂಪು, ಒಣದು, ತೆಳುವಾದುದು. ಹುರಿದ ಜವೆಗೋದಿಯ ಹಿಟ್ಟು ಅಲ್ಲಿಯವರ ಆಹಾರ. ಬೆಣ್ಣೆ ಉಪ್ಪುಗಳನ್ನು ಕಡೆದು ಬೆರಸಿದ ಚಹಾ ಅವರ ಪಾನೀಯ. ಮಾಂಸವನ್ನು ಒಣಗಿಸಿ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡದು. ಉಣ್ಣೆಯ ನಿಲುವಂಗಿಯು ರಾತ್ರಿ ಹೊದಿಕೆಯೂ ಆಗುತ್ತಿತ್ತು. ಈ ರೂಢಿಗಳಲ್ಲಿ ಅವಿವೇಕವೇನೂ ಇರಲಿಲ್ಲ. ಶೀತವೇ ಗುರುವಾಗಿ ಕಲಿಸಿದ ಪಾಠಗಳವು.

1959ರ ಮಾರ್ಚಿಯಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು, ದಲಾಯಿ ಲಾಮಾ ಅವರು ಭಾರತದ ಆಶ್ರಯಕ್ಕೆ ಬಂದರು. ಅವರನ್ನು ಹಿಂಬಾಲಿಸಿ ಸಾವಿರಾರು ಮಂದಿ ಹಿಮದ ಕಣಿವೆಗಳನ್ನು ದಾಟಿ ಇಳಿದರು. ಅಸ್ಸಾಮಿನ ಮಿಸ್ಸಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಶಿಬಿರವೊಂದನ್ನು ಅವರಿಗಾಗಿ ಕಟ್ಟಲಾಯಿತು. ಅಲ್ಲಿ ಅವರನ್ನು ಎದುರುಗೊಂಡುದು ಸೆಕೆ. ತಂಪಿನಲ್ಲಿ ಬೆಳೆದ ದೇಹಕ್ಕೆ ಬಯಲುಸೀಮೆಯ ರೋಗಗಳ ಪರಿಚಯವಿರಲಿಲ್ಲ. ಊರಿನಲ್ಲಿ ಮಾಡಿದಂತೆ ಆಹಾರವನ್ನು ಕೂಡಿಟ್ಟರೆ ಇಲ್ಲಿ ಒಂದೇ ಹಗಲಿನಲ್ಲಿ ಹಳಸುತ್ತಿತ್ತು. ಹಿಮವನ್ನು ಗೆದ್ದು ಬಂದ ಎಷ್ಟೋ ಮಂದಿ ಉಷ್ಣಕ್ಕೂ ರೋಗಕ್ಕೂ ತುತ್ತಾದರು. ಸುಮಾರು 1,500 ಮಂದಿ ಭಿಕ್ಷುಗಳು ಬಂಗಾಳದ ಬಕ್ಸಾ ಎಂಬಲ್ಲಿ, ಆಂಗ್ಲರು ಸೆರೆಮನೆಯಾಗಿ ಬಳಸಿದ್ದ ಹಳೆಯ ಕೋಟೆಯಲ್ಲಿ, ಶಾಸ್ತ್ರಾಧ್ಯಯನವನ್ನು ಮುಂದುವರಿಸಿದರು. ಅಲ್ಲಿಯೂ ಕ್ಷಯರೋಗ ಅನೇಕರನ್ನು ಹಿಡಿಯಿತು.

ಇವರಿಗೆ ಶಾಶ್ವತವಾದ ನೆಲೆಯನ್ನು ಒದಗಿಸುವ ಮಾತು ಬಂದಾಗ ಅಂದಿನ ಮೈಸೂರು ರಾಜ್ಯವು ಬೈಲುಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ನೀಡಿತು. 1960ರ ಕೊನೆಯಲ್ಲಿ ಮೊದಲನೆಯ ತಂಡ ಬಂದಿಳಿಯಿತು. ಭೂಮಿಯೆಂದರೆ ಆಗ ಕಾಡು. ಮರ ಕಡಿದು, ಬೇರು ಕಿತ್ತು, ಆನೆಗಳನ್ನು ಕಾಯುತ್ತ ಅವರು ಹೊಲ ಮಾಡಿದರು. ಜವೆಗೋದಿಗೆ ಈ ಮಣ್ಣೂ ಈ ಬಿಸಿಲೂ ಒಗ್ಗಲಿಲ್ಲ. ಮುಸುಕಿನ ಜೋಳ ಒಗ್ಗಿತು. ನಿಲುವಂಗಿಯ ಬಟ್ಟೆ ತೆಳುವಾಯಿತು. ತಟ್ಟೆಗೆ ಅನ್ನ ಬಂದಿತು.

ಈಗ ವಿಚಾರಕ್ಕೆ ಬರೋಣ. ಒಂದು ಪಕ್ಷದವರು ಹೀಗೆನ್ನುತ್ತಾರೆ: “ಆಚಾರವೆಂಬುದು ನೇಯ್ದ ಬಟ್ಟೆಯಂತೆ. ಒಂದು ಎಳೆಯನ್ನು ಕಿತ್ತರೆ ಎಲ್ಲವೂ ಬಿಚ್ಚಿಕೊಳ್ಳುವುದು. ಇಂದು ಉಡುಪು ಹೋಯಿತು, ನಾಳೆ ಊಟ, ನಾಡಿದ್ದು ನುಡಿ, ಕಡೆಗೆ ಧರ್ಮ. ಆದುದರಿಂದ ಕಷ್ಟವಾದರೂ ಎಲ್ಲವನ್ನೂ ಹಿಡಿದಿರಬೇಕು.” ಇನ್ನೊಂದು ಪಕ್ಷದವರು ಹೇಳುವುದು ಇದಕ್ಕೆ ತೀರ ವಿರುದ್ಧ: “ದೇಶದಂತೆ ವೇಷ. ನೆಲವೇ ಹೋದ ಮೇಲೆ ಅದರ ನೆರಳನ್ನು ಹಿಡಿದು ಅಳುವುದೇಕೆ? ಎಲ್ಲವನ್ನೂ ಬಿಟ್ಟು, ಬಂದ ಊರಿನವರಂತಾಗುವುದೇ ಲೇಸು.”

ಮೊದಲನೆಯ ಪಕ್ಷವನ್ನು ಮಿಸ್ಸಮಾರಿಯ ಗೋರಿಗಳೇ ಖಂಡಿಸುತ್ತವೆ. ದೇಹದ ಕ್ಷೇಮಕ್ಕೆಂದು ಹುಟ್ಟಿದ ರೂಢಿಯು ದೇಹಕ್ಕೇ ಮೃತ್ಯುವಾದಾಗಲೂ ಅದನ್ನು ಹಿಡಿದಿರುವುದು ರೂಢಿಯ ಉದ್ದೇಶಕ್ಕೆ ಮಾಡಿದ ಅಪಚಾರ. ಎರಡನೆಯ ಪಕ್ಷಕ್ಕೆ ಉತ್ತರ ಹೇಳಲು ಇನ್ನಷ್ಟು ಯೋಚಿಸಬೇಕಾಗುತ್ತದೆ. ಬಿಡಬಹುದಾದುದಕ್ಕೂ ಬಿಡಬಾರದುದಕ್ಕೂ ನಡುವೆ ಗೆರೆಯೊಂದು ಇರಲೇಬೇಕು. ಆ ಗೆರೆಯನ್ನು ಎಲ್ಲಿ ಎಳೆಯುವುದು?

ಇದಕ್ಕೆ ಭಿಕ್ಷುಗಳ ದೃಷ್ಟಾಂತವೇ ದಾರಿ ತೋರುತ್ತದೆ. ಭಿಕ್ಷುವು ಭೂಮಿಯನ್ನು ಅಗೆಯಬಾರದೆಂಬುದು ಬೌದ್ಧರ ವಿನಯಶಾಸ್ತ್ರದ ಒಂದು ನಿಯಮ. ಮಣ್ಣಿನೊಳಗಿನ ಜೀವಿಗಳಿಗೆ ಹಿಂಸೆಯಾಗದಿರಲಿ ಎಂಬ ಕರುಣೆ ಅದರಲ್ಲಿದೆ. ಆದರೆ 1969-70ರ ಸುಮಾರಿಗೆ ಬಕ್ಸಾದಿಂದ ಕರ್ನಾಟಕಕ್ಕೆ ಬಂದ ಭಿಕ್ಷುಗಳಿಗೆ ಗುದ್ದಲಿ ಹಿಡಿಯದೆ ಗತ್ಯಂತರವಿರಲಿಲ್ಲ. ಟಿಬೆಟ್ಟಿನಲ್ಲಿ ಅವರ ವಿಹಾರಗಳನ್ನು ಪೋಷಿಸುತ್ತಿದ್ದ ಭೂಮಿಕಾಣಿಗಳು ಇಲ್ಲಿ ಇರಲಿಲ್ಲ. ಭಿಕ್ಷೆ ನೀಡಬೇಕಾದ ಗೃಹಸ್ಥರೂ ನಿರಾಶ್ರಿತರೇ. ಹಗಲು ಹೊಲದಲ್ಲಿ ದುಡಿದು ರಾತ್ರಿ ಅವರು ತರ್ಕಶಾಸ್ತ್ರವನ್ನು ಚರ್ಚಿಸಿದರು. 1409ರಲ್ಲಿ ಸ್ಥಾಪಿತವಾದ ಗಾಂದೆನ್, 1416ರ ಡ್ರೆಪುಂಗ್, 1419ರ ಸೆರಾ ಎಂಬ ಮೂರು ಮಹಾವಿಹಾರಗಳಲ್ಲಿ ಮೊದಲಿನೆರಡು ಮುಂಡಗೋಡಿನಲ್ಲಿಯೂ ಮೂರನೆಯದು ಬೈಲುಕುಪ್ಪೆಯಲ್ಲಿಯೂ ಮರುಹುಟ್ಟು ಪಡೆದುದು ಹೀಗೆ. ಅಂದು ಅವರು ನಿಯಮದ ಅಕ್ಷರವನ್ನು ಸಡಿಲಿಸಿದರು. ಆದರೆ ಆ ನಿಯಮವು ಯಾವ ಅಧ್ಯಯನಕ್ಕೂ ಕರುಣೆಗೂ ಬೇಲಿಯಾಗಿತ್ತೋ ಅದನ್ನು ಸಡಿಲಿಸಲಿಲ್ಲ. ಬೇಲಿಯನ್ನು ಉಳಿಸಿ ಬೆಳೆಯನ್ನು ಒಣಗಿಸಿದ್ದರೆ ಇಂದು ಅವರನ್ನು ಯಾರು ನೆನೆಯುತ್ತಿದ್ದರು?

ಹೀಗೆ ಒಂದು ಒರೆಗಲ್ಲು ದೊರೆಯುತ್ತದೆ. ಹವೆಯು ಕಲಿಸಿದುದನ್ನು ಹವೆ ಬದಲಾದಾಗ ಬಿಡಬಹುದು. ಮನುಷ್ಯನು ಮನುಷ್ಯನೊಡನೆ, ಮೂಕಪ್ರಾಣಿಯೊಡನೆ, ತನ್ನ ಅಂತಃಕರಣದೊಡನೆ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಿದುದು ಹವೆಯಿಂದ ಹುಟ್ಟಿದುದಲ್ಲ; ಅದನ್ನು ಯಾವ ಬಿಸಿಲಿನಲ್ಲಿಯೂ ಬಿಡುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನು ತೊರೆದ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ಬಂದರೆಂಬುದು ಪರಂಪರೆಯ ಮಾತು. ಆ ಉಳವಿಯೂ ಈ ಮುಂಡಗೋಡೂ ಒಂದೇ ಜಿಲ್ಲೆಯಲ್ಲಿರುವುದನ್ನು ನೆನೆದಾಗ, ಓಡಿಬಂದವರು ಹೊತ್ತು ತಂದುದು ಏನೆಂಬುದರಿಂದಲೇ ಅವರ ಬಾಳಿನ ಸಾರವನ್ನು ಅಳೆಯಬಹುದೆಂದು ತೋರುತ್ತದೆ.

ಆದರೆ ಈ ಒರೆಗಲ್ಲಿಗೆ ಸುಲಭವಾಗಿ ಸಿಕ್ಕದ ವಸ್ತುವೊಂದಿದೆ, ಅದು ಭಾಷೆ. ಭಾಷೆಯನ್ನು ಹವೆ ಕಲಿಸಿದುದೆನ್ನಲಾಗದು. ಅದು ಸ್ವತಃ ಶೀಲವೂ ಅಲ್ಲ. ಕನ್ನಡವನ್ನೋ ಆಂಗ್ಲವನ್ನೋ ಆಡಿದವನು ಅಷ್ಟರಿಂದಲೇ ಕೆಟ್ಟವನಾಗಲಾರ. ಆದರೂ ಅಜ್ಜಿಯ ಜಪವು ಮೊಮ್ಮಗನಿಗೆ ಬರಿಯ ಶಬ್ದವಾಗಿ ಕೇಳಿಸಿದ ದಿನ, ಆ ಮನೆಯಲ್ಲಿ ಏನೋ ಒಂದು ಸತ್ತಿರುತ್ತದೆ. ಶೀಲವು ಅಮೃತವಾದರೂ ಅದನ್ನು ತುಂಬಿಕೊಡುವ ಪಾತ್ರೆ ಭಾಷೆಯೇ ಆಗಿದೆ. ಇದನ್ನರಿತೇ ಅನೇಕ ಟಿಬೆಟನ್ ಶಾಲೆಗಳಲ್ಲಿ ಕೆಳಗಿನ ತರಗತಿಗಳ ಪಾಠಗಳು ತಾಯ್ನುಡಿಯಲ್ಲಿಯೇ ನಡೆಯುತ್ತವೆ. ಅದರೊಡನೆ ನೆರೆಯವರ ನುಡಿಯನ್ನು ಕಲಿಯುವುದೂ ಬಂದವರ ಕರ್ತವ್ಯ. ಬೈಲುಕುಪ್ಪೆಯ ಅಂಗಡಿಕಾರನು ಕನ್ನಡದಲ್ಲಿ ಗಿರಾಕಿಯನ್ನು ಮಾತನಾಡಿಸಿದರೆ ಅವನ ಟಿಬೆಟ್ಟಿಗೆ ಅದರಿಂದ ಕುಂದಿಲ್ಲ.

ಇನ್ನೂ ಕಠಿನವಾದುದು ಪೌರತ್ವದ ಪ್ರಶ್ನೆ. 1950ರ ಜನವರಿ 26ರಿಂದ ಮೊದಲ್ಗೊಂಡು 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಜನ್ಮದಿಂದಲೇ ಭಾರತದ ಪೌರರು. ಈ ವಿಧಿಯು ಇಲ್ಲಿ ಜನಿಸಿದ ಟಿಬೆಟ್ಟಿನವರಿಗೂ ಅನ್ವಯಿಸುವುದೆಂದು ದೆಹಲಿಯ ಉಚ್ಚ ನ್ಯಾಯಾಲಯ 2010ರಲ್ಲಿಯೂ ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿಯೂ ತೀರ್ಪಿತ್ತವು. ಹಕ್ಕು ದೊರೆತರೂ ಅನೇಕರು ಅದನ್ನು ಕೇಳಲು ಹಿಂಜರಿದರು. ಇಲ್ಲಿಯವರೇ ಆಗಿಬಿಟ್ಟರೆ ಅಲ್ಲಿಯ ನೆಲದ ಮೇಲಿನ ಹಂಬಲವನ್ನು ತ್ಯಜಿಸಿದಂತಾಗದೆ ಎಂಬುದು ಅವರ ಸಂಕಟ. ನಾಳೆ ಮರಳುವೆನೆಂಬ ಆಸೆಯುಳ್ಳವನು ಇಂದು ತೆಂಗಿನ ಸಸಿಯನ್ನು ನೆಡಬೇಕೆ? ನೆಡಬೇಕೆಂಬುದೇ ವಿವೇಕದ ಉತ್ತರ. ಫಲವನ್ನು ತಾನು ಉಣ್ಣದಿದ್ದರೆ ನೀರು ಕೊಟ್ಟ ನೆಲದವರು ಉಣ್ಣುವರು. ಸಸಿ ನೆಟ್ಟ ಕೈ ತವರಿನ ದಿಕ್ಕಿಗೆ ಮುಗಿಯಲಾರದ ಕೈಯಾಗುವುದಿಲ್ಲ. ಆದರೂ ಹಿಂಜರಿಯುವವನನ್ನು ಮೂಢನೆನ್ನುವ ಅಧಿಕಾರವು ಎಂದೂ ಮನೆ ಕಳೆದುಕೊಳ್ಳದವರಿಗೆ ಇಲ್ಲ.

ಬಂದವರಿಗೆ ಧರ್ಮವಿರುವಂತೆ ಇದ್ದವರಿಗೂ ಧರ್ಮವುಂಟು. ದನಗಳಿಗೆ ಗೋಮಾಳವೂ ಒಲೆಗೆ ಸೌದೆಯೂ ಆಗಿದ್ದ ಕಾಡು ಹೊಲವಾದಾಗ ಸುತ್ತಲಿನ ಬಡವನಿಗೂ ನಷ್ಟವಾಗುವುದು ಸಹಜ. ಅವನ ಅಸಮಾಧಾನವನ್ನು ಅಸೂಯೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅತಿಥಿಗೆ ಎಡೆಯಿಕ್ಕುವಾಗ ಮನೆಯ ಮಗುವಿನ ತಟ್ಟೆಯತ್ತಲೂ ಯಜಮಾನನ ದೃಷ್ಟಿಯಿರಬೇಕು. ಅತಿಥಿಯಾದರೋ ಉಂಡ ಮನೆಯ ಬೆಳಕನ್ನು ಹೆಚ್ಚಿಸಬೇಕು. ಆಶ್ರಯವೆಂಬುದು ಒಮ್ಮೆ ಕೊಟ್ಟು ಮುಗಿಯುವ ದಾನವಲ್ಲ. ಎರಡು ಕಡೆಯವರೂ ದಿನದಿನವೂ ನಡಸಬೇಕಾದ ವ್ರತ.

ಇಂದು ಈ ಕಥೆಗೆ ಎರಡನೆಯ ಅಧ್ಯಾಯವೊಂದು ಸೇರಿದೆ. ಶಿಬಿರಗಳಲ್ಲಿ ಹುಟ್ಟಿದ ತರುಣರು ವಿದ್ಯೆಗೂ ಉದ್ಯೋಗಕ್ಕೂ ಬೆಂಗಳೂರಿಗೆ ಹೋಗುತ್ತಾರೆ. ಕೆಲವರು ಸಮುದ್ರ ದಾಟಿ ಅಮೆರಿಕ, ಕೆನಡಾಗಳನ್ನು ಸೇರುತ್ತಾರೆ. ಚಳಿಗಾಲ ಬಂದಾಗ ನಗರದ ಬೀದಿಬದಿಯಲ್ಲಿ ಸ್ವೆಟರುಗಳನ್ನು ಮಾರುವ ಟಿಬೆಟ್ಟಿನ ತಾಯಂದಿರನ್ನು ಕಾಣದವರು ವಿರಳ. ಹಿಮದ ನಾಡಿನವರು ಬಿಸಿಲಿನ ನಾಡಿನವರಿಗೆ ಬೆಚ್ಚನೆಯ ಉಡುಪನ್ನು ಕೊಡುವುದು ಕಾಲದ ವಿನೋದವೇ ಸರಿ. ಆದರೆ ಇತ್ತ ಶಿಬಿರದಲ್ಲಿ ಹೊಲಗಳು ಗೇಣಿಗೆ ಹೋಗುತ್ತಿವೆ, ಮಕ್ಕಳಿಲ್ಲದ ಜಗಲಿಗಳಲ್ಲಿ ಮುದುಕರು ಮಣಿಚಕ್ರವನ್ನು ತಿರುಗಿಸುತ್ತ ಕುಳಿತಿರುತ್ತಾರೆ. ಈ ಚಿತ್ರವು ಟಿಬೆಟ್ಟಿನವರದು ಮಾತ್ರವೇ? ಕನ್ನಡನಾಡಿನ ಯಾವ ಹಳ್ಳಿಯ ಜಗಲಿಯಾದರೂ ಇದನ್ನು ತನ್ನದೆಂದು ಗುರುತಿಸೀತು.

ಮೊದಲನೆಯ ವಲಸೆಯು ಬಲಾತ್ಕಾರದಿಂದಾದುದು, ಎರಡನೆಯದು ಇಚ್ಛೆಯಿಂದಾಗುತ್ತಿರುವುದು. ಬಲಾತ್ಕಾರದಿಂದ ಕಳೆದುಕೊಂಡುದಕ್ಕೆ ಮನುಷ್ಯನು ಹೊಣೆಯಲ್ಲ. ಇಚ್ಛೆಯಿಂದ ಬಿಟ್ಟುದಕ್ಕೆ ಅವನು ಹೊಣೆ. ಊರು ಬಿಟ್ಟು ಹೋಗುವುದು ಪಾಪವಲ್ಲ. ದುಡಿಮೆಗೆ ದಾರಿ ಇರುವೆಡೆ ಹೋಗುವುದು ಯುಕ್ತವೇ. ಆದರೆ ಹೋದವನು ಹಿಂದಿನ ಜಗಲಿಯಲ್ಲಿ ಕುಳಿತವರಿಗೆ ಋಣಿ. ಆ ಋಣವು ಹಣ ಕಳುಹಿಸಿದಷ್ಟರಿಂದ ತೀರದು. ಅವರ ನುಡಿಯಲ್ಲಿ ಅವರೊಡನೆ ಮಾತನಾಡಬಲ್ಲ ಮಕ್ಕಳನ್ನು ಬೆಳೆಸಿದಾಗ, ಅವರ ಕೊನೆಗಾಲದಲ್ಲಿ ಬಳಿಯಿದ್ದಾಗ, ಅದರ ಒಂದು ಭಾಗ ತೀರಬಹುದು.

ನೆಲವು ಕಾಲಿನ ಕೆಳಗಿರುವುದು. ಅದನ್ನು ಅರಸನೂ ಸೈನ್ಯವೂ ಕಸಿದುಕೊಳ್ಳಬಹುದು. ನೆಲೆಯು ಮನಸ್ಸಿನ ಒಳಗಿರುವುದು. ಅದನ್ನು ಮನುಷ್ಯನು ತಾನಾಗಿ ಬಿಟ್ಟುಕೊಟ್ಟ ಹೊರತು ಯಾರೂ ಕಸಿಯಲಾರರು. ಹಿಮದಿಂದ ಬಿಸಿಲಿಗೆ ಬಂದವರು ನೆಲ ಕಳೆದುಕೊಂಡೂ ಅರವತ್ತಕ್ಕೂ ಹೆಚ್ಚು ವರ್ಷ ನೆಲೆಯನ್ನು ಕಾಯ್ದುಕೊಂಡಿದ್ದಾರೆ. ಹುಟ್ಟಿದ ನೆಲದ ಮೇಲೆಯೇ ನಿಂತಿರುವವರು ತಮ್ಮ ನೆಲೆಯು ಎಲ್ಲಿದೆಯೆಂದು ಆಗಾಗ ನೋಡಿಕೊಳ್ಳುವುದು ಒಳ್ಳೆಯದು.